ಹದಿನಾಲ್ಕನೆಯದು

ತಗಡಿನ ಕೋಣೆ. ಒಂದೇ ಕಿಟಕಿ, ಅದೂ ಸರೋವರದ ಕಡೆಗೆ.
ಮಾಂಗೋಚಿಯ ಅಕ್ಟೋಬರ್ ಬಿಸಿಲು ತಗಡಿಗೆ ಬಿದ್ದರೆ
ಒಳಗೆ ಮೊಟ್ಟೆ ಬೇಯುತ್ತದೆ.
ಅದಕ್ಕೇ ಮಾಡಿಗೆ ಸುಣ್ಣ ಬಳಿದಿದ್ದೇನೆ, ನಾನೇ ಏಣಿ ಹತ್ತಿ.

ಇಪ್ಪತ್ತೆರಡು ಬ್ಯಾಟರಿ ನನ್ನ ಸುಪರ್ದಿನಲ್ಲಿ.
ಮೈಮೇಲೆ ಅಂಕಿ, ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ:
ಬಂದ ದಿನ, ಎಷ್ಟು ಸಲ ತುಂಬಿತು, ಎಷ್ಟು ಸಲ ಬರಿದಾಯಿತು,
ಯಾರ ಕೈಯಿಂದ ಬಿತ್ತು.
(ಏಳನೆಯದನ್ನು ಬೀಳಿಸಿದವಳು ನಾನೇ. ಬರೆದಿದ್ದೇನೆ.)

ಹಾರಿ ಬಂದದ್ದನ್ನು ಒಡನೆ ಚಾರ್ಜಿಗೆ ಹಾಕುವುದಿಲ್ಲ,
ಓಡಿ ಬಂದ ಎತ್ತಿಗೆ ತಕ್ಷಣ ನೀರಿಡದ ಹಾಗೆ.
ಮೈ ಆರಲಿ. ಮುಟ್ಟಿದರೆ ನನ್ನ ಅಂಗೈಯಷ್ಟೇ ಬೆಚ್ಚಗಿರಲಿ.
ಚಾರ್ಜಿಗೆ ಹಾಕಿದ ಮೇಲೆ ಎದ್ದು ಹೋಗುವುದಿಲ್ಲ.
ಪೈಲಟ್ ಲೈಸನ್ ಒಮ್ಮೆ ಕೇಳಿದ: ಮೂತ್ರಕ್ಕೂ?
ಮೂತ್ರಕ್ಕೂ, ಅಂದೆ. ಮೊದಲು ಪ್ಲಗ್ ಕೀಳುತ್ತೇನೆ.

ಹಾರಾಟವಿಲ್ಲದ ವಾರ
ತುಂಬಿದ್ದನ್ನು ತುಂಬಿದ ಹಾಗೇ ಇಡಬಾರದು,
ಬರಿದಾದದ್ದನ್ನು ಬರಿದಾಗಿಯೇ ಬಿಡಬಾರದು.
ಅರೆಹೊಟ್ಟೆಯಲ್ಲಿ ಮಲಗಿಸಬೇಕು,
ಕೋಶಕ್ಕೆ ಮೂರು ಪಾಯಿಂಟ್ ಎಂಟು ವೋಲ್ಟ್.
ತರಬೇತಿಯಲ್ಲಿ ಉಳಿದವರೆಲ್ಲ ಬರೆದುಕೊಂಡರು.
ನನಗೆ ಬರೆಯುವುದೇ ಬೇಕಾಗಲಿಲ್ಲ.
ಜನವರಿಯಲ್ಲಿ, ಹೊಲದ ಮೆಕ್ಕೆಜೋಳ ಇನ್ನೂ ಹಸಿರಿರುವಾಗ,
ಅಮ್ಮ ನಮ್ಮೈವರನ್ನು ಮಲಗಿಸುತ್ತಿದ್ದ ಲೆಕ್ಕವೂ ಅದೇ.

ಗುರುವಾರ ಮೂರೂವರೆಗೆ ರೇಡಿಯೊ ಕೂಗಿತು.
ಆಚೆ ದಡದ ಆಸ್ಪತ್ರೆ. ಹೆರಿಗೆ. ರಕ್ತ ನಿಲ್ಲುತ್ತಿಲ್ಲ.
ಓ ನೆಗೆಟಿವ್, ಎರಡು ಚೀಲ.
ದೋಣಿಗೆ ಮೂರು ಗಂಟೆ, ನಮಗೆ ಇಪ್ಪತ್ತು ನಿಮಿಷ.
ಬೆಳಗಿನಿಂದ ಹಾರಿದವು ಇನ್ನೂ ಆರಿರಲಿಲ್ಲ.
ತುಂಬಿ ಕೂತಿದ್ದದ್ದು ಒಂದೇ, ಹದಿನಾಲ್ಕು.

ಮೀನಾದರೆ ಅಮ್ಮ ಹೆಬ್ಬೆರಳಿಂದ ಹೊಟ್ಟೆ ಒತ್ತಿ ನೋಡುತ್ತಾಳೆ.
ಇದನ್ನು ಒತ್ತಬಾರದು.
ನನ್ನ ಮೇಜಿನ ಮೇಲೆ ಹಳೆಯ ಕಿಟಕಿಯದೊಂದು ಗಾಜಿದೆ.
ಅದರ ಮೇಲಿಟ್ಟೆ.
ಹದಿನಾಲ್ಕು ಅತ್ತಿತ್ತ ತೂಗಿತು,
ಕೂದಲೆಳೆಯಷ್ಟು,
ತೊಟ್ಟಿಲಿನ ಹಾಗೆ.

ಲೈಸನ್ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದ.
ಕೊಡು.
ಉಬ್ಬಿದೆ.
ನನಗೆ ಕಾಣಿಸ್ತಿಲ್ಲ.
ಗಾಜಿಗೆ ಕಾಣಿಸ್ತಿದೆ.
ನಾಸಿಬೆಕೊ, ಅಲ್ಲೊಬ್ಬಳು ಸಾಯ್ತಿದ್ದಾಳೆ.
ನಡುನೀರಲ್ಲಿ ಇದು ಹೊತ್ತಿಕೊಂಡರೆ ಆ ರಕ್ತವೂ ಮೀನಿಗೆ.

ಕೊಡಲಿಲ್ಲ.
ಮೂರನೆಯದನ್ನು ಅರೆಹೊಟ್ಟೆಯ ನಿದ್ದೆಯಿಂದ ಎಬ್ಬಿಸಿ ಚಾರ್ಜಿಗೆ ಹಾಕಿದೆ.
ಚಾರ್ಜರಿಗೆ ಅವಸರದ ಗುಂಡಿಯೊಂದಿದೆ.
ಕೋಣೆಯ ಶಾಖ ನಲವತ್ತೊಂದಿತ್ತು. ಒತ್ತಲಿಲ್ಲ.
ಮೂವತ್ತೆಂಟು ನಿಮಿಷ.
ಅಷ್ಟು ಹೊತ್ತೂ ಅವನು ಮಾತಾಡಲಿಲ್ಲ,
ನಾನು ಅಂಕಿಗಳ ಮೇಲಿಂದ ಕಣ್ಣು ಕೀಳಲಿಲ್ಲ.
ಆರು ಕೋಶಗಳು ಒಟ್ಟೊಟ್ಟಿಗೆ ಏರುತ್ತಿದ್ದವು,
ಕೊಡ ಹೊತ್ತ ಹೆಂಗಸರು ದಿಬ್ಬ ಹತ್ತುವ ಹಾಗೆ,
ಯಾರೂ ಯಾರನ್ನೂ ಹಿಂದೆ ಬಿಡದೆ.

ಮೂರನೆಯದು ಹೋಯಿತು, ಬಂತು.
ಸಂಜೆ ಸುದ್ದಿ: ತಾಯಿ ಬದುಕಿದಳು, ಮಗುವೂ.
ಗರ್ಭಕೋಶ ತೆಗೆಯಬೇಕಾಯಿತು.
ಸ್ವಲ್ಪ ಮುಂಚೆ ಬಂದಿದ್ದರೆ, ಅಂದಳು ನರ್ಸು,
ಅಂದು ಅಲ್ಲಿಗೇ ನಿಲ್ಲಿಸಿದಳು.

ಹದಿನಾಲ್ಕನ್ನು ಮರಳಿನ ಬಕೆಟ್ಟಿನಲ್ಲಿ ಹೂತು ಬಯಲಿಗೆ ಒಯ್ದೆ,
ಗೋಡೆಯಿಂದ ದೂರ, ಮಕ್ಕಳು ಚೆಂಡಾಡುವ ಜಾಗದಿಂದ ದೂರ.
ರಾತ್ರಿ ಎರಡು ಸಲ ಎದ್ದು ನೋಡಿದೆ.
ಹೊತ್ತಿಕೊಳ್ಳಲಿ ಅಂತ ಬೇಡಿಕೊಂಡೆ, ನಾಚಿಕೆ ಬಿಟ್ಟು.
ಒಂದು ಕಿಡಿ, ಒಂದಿಷ್ಟು ಹೊಗೆ,
ಲೈಸನ್‌ಗೆ ತೋರಿಸಲಿಕ್ಕೆ,
ಆಚೆ ದಡದವಳಿಗೆ ಹೇಳಿ ಕಳಿಸಲಿಕ್ಕೆ.

ಹೊತ್ತಲಿಲ್ಲ.
ಹನ್ನೊಂದು ದಿನ ಮರಳು ತಣ್ಣಗೇ ಇತ್ತು.
ಕೋಳಿಯೊಂದು ಬಂದು ಕೆದಕಿ ಹೋಯಿತು.

ಅದರ ಪುಟಕ್ಕೆ ಅಡ್ಡಗೆರೆ ಎಳೆದು ಬರೆದೆ:
ಗಾಜಿನ ಮೇಲೆ ತೂಗಿತು. ಹಾರಿಸಲಿಲ್ಲ.
ಕಾರಣ ಬರೆಯುವ ಕಾಲಂ ಇರುವುದೇ ಅಷ್ಟಗಲ.